ಹತ್ತು ಬೊಂಬೆಯಲ್ಲಿ ಮೂರು ಮುರಿದವು, ತಪ್ಪು ಎಲ್ಲಿ?

ಪ್ರಶ್ನೆ: ನಾನು ಮಂಡ್ಯದವಳು. ಮನೆಯಲ್ಲೇ ಮಣ್ಣಿನ ಬೊಂಬೆ, ಹಣತೆ ಮಾಡಿ ಆನ್‌ಲೈನ್‌ನಲ್ಲಿ ಮಾರುತ್ತೇನೆ. ದಸರಾಗೆ ಮುಂಚೆ ಪುಣೆಯ ಒಬ್ಬರಿಗೆ ಆರು ಇಂಚಿನ ದಶಾವತಾರ ಸೆಟ್ ಕಳಿಸಿದೆ. ಪ್ರತಿ ಬೊಂಬೆಗೂ ಬಬಲ್ ರ‍್ಯಾಪ್ ಬಿಗಿಯಾಗಿ ಸುತ್ತಿದ್ದೆ. ಡಬ್ಬದ ಆರೂ ಕಡೆ ‘ಒಡೆಯುವ ವಸ್ತು’ ಅಂತ ಸ್ಟಿಕ್ಕರ್ ಅಂಟಿಸಿದ್ದೆ. ಆದರೂ ಮೂರು ಮುರಿದವು. ಅವರು ಕಳಿಸಿದ ಫೋಟೊ ಇದರ ಜೊತೆಗಿದೆ. ಯಾವ ಕೊರಿಯರ್‌ನಲ್ಲಿ ಕಳಿಸಿದರೆ ಒಳ್ಳೆಯದು? ಇನ್ಶೂರೆನ್ಸ್ ಮಾಡಿಸಬೇಕಾ? ಗಾಜಿನ ಫ್ರೇಮ್ ಹಾಕಿದ ಮೈಸೂರು ಶೈಲಿಯ ಚಿತ್ರಗಳನ್ನೂ ಮಾರಬೇಕು ಅಂತಿದ್ದೇನೆ, ಧೈರ್ಯ ಬರುತ್ತಿಲ್ಲ.

ಉತ್ತರ: ನಿಮ್ಮ ಫೋಟೊವನ್ನು ದೊಡ್ಡದು ಮಾಡಿ ನೋಡಿದೆ. ಮತ್ಸ್ಯ, ಕೂರ್ಮ, ವರಾಹ ಮೂರಕ್ಕೂ ಏನೂ ಆಗಿಲ್ಲ. ಮುರಿದಿರುವುದು ವಾಮನನ ಕೊಡೆ, ರಾಮನ ಬಿಲ್ಲು ಹಿಡಿದ ಕೈ, ಕಲ್ಕಿಯ ಕುದುರೆಯ ಮುಂಗಾಲು. ಡಬ್ಬವನ್ನು ಯಾರೋ ಎತ್ತಿ ಎಸೆದರು ಅಂತ ನೀವು ಬೈದುಕೊಂಡಿರುತ್ತೀರಿ. ಎಸೆದೂ ಇರಬಹುದು. ಆದರೆ ಬರೀ ಎಸೆದದ್ದರಿಂದಲೇ ಆಗಿದ್ದರೆ ಕೂರ್ಮನ ಬೆನ್ನಲ್ಲೂ ಒಂದು ಬಿರುಕು ಕಾಣಬೇಕಿತ್ತು. ಮೈಗೆ ಅಂಟಿಕೊಂಡ ಆಕಾರಗಳೆಲ್ಲ ಉಳಿದಿವೆ, ಹೊರಗೆ ಚಾಚಿಕೊಂಡವು ಮಾತ್ರ ಹೋಗಿವೆ. ಅಂದರೆ ಅವು ಅರ್ಧ ಮುರಿದದ್ದು ದಾರಿಯಲ್ಲಲ್ಲ, ನಿಮ್ಮ ಮನೆಯಲ್ಲಿ, ನೀವು ಬಬಲ್ ರ‍್ಯಾಪ್ ಬಿಗಿಯುವಾಗ. ಬೇಜಾರು ಮಾಡಿಕೊಳ್ಳಬೇಡಿ. ಇದೇ ತಪ್ಪನ್ನು ನಾನು ನಿಮಗಿಂತ ದೊಡ್ಡದಾಗಿ ಮಾಡಿದವನು.

ಮೈಸೂರಿನಲ್ಲಿ ಈ ಕೆಲಸಕ್ಕೆ ಇಳಿದ ಹೊಸದರಲ್ಲಿ ಹುಬ್ಬಳ್ಳಿಗೆ ಒಂದು ಮದುವೆ ಸೆಟ್ ಕಳಿಸಿದ್ದೆ. ಗಂಡು, ಹೆಣ್ಣು, ಪುರೋಹಿತರು, ವಾಲಗದವರು, ಎಲ್ಲ ಸೇರಿ ಹದಿನಾಲ್ಕು ಬೊಂಬೆ. ಎಲ್ಲವನ್ನೂ ಬಾಣಂತಿ ಮಗುವಿಗೆ ಸುತ್ತಿದ ಹಾಗೆ ಬಿಗಿಯಾಗಿ ಸುತ್ತಿ, ಮೇಲೆ ಟೇಪು ಎಳೆದು ಕಟ್ಟಿದ್ದೆ. ಬಿಗಿಯಾಗಿದ್ದಷ್ಟೂ ಭದ್ರ ಅನ್ನುವುದು ಆಗಿನ ನನ್ನ ಲೆಕ್ಕ. ಹುಬ್ಬಳ್ಳಿಯಿಂದ ಫೋನು ಬಂತು: ‘ಸರ್, ವಾಲಗದವರ ನಾಗಸ್ವರ ಎಲ್ಲ ಎರಡೆರಡು ತುಂಡಾಗಿದೆ, ಮದುಮಗಳ ತಲೆ ಕೈಗೆ ಬಂತು.’ ಡಬ್ಬದ ಹೊರಗೆ ಒಂದು ಮೂಲೆಯೂ ಜಜ್ಜಿರಲಿಲ್ಲವಂತೆ. ಆಗ ಗೊತ್ತಾಯಿತು. ಸುತ್ತಿದ ಪ್ಲಾಸ್ಟಿಕ್ ಎಲ್ಲ ಕಡೆ ಸಮನಾಗಿ ಒತ್ತುವುದಿಲ್ಲ. ಎಲ್ಲಿ ಚಾಚಿಕೊಂಡಿದೆಯೋ ಅಲ್ಲೇ ಒತ್ತುತ್ತದೆ. ಕುತ್ತಿಗೆಯ ಹಿಂದೆ, ಮೊಣಕೈ ಮತ್ತು ಸೊಂಟದ ನಡುವೆ, ಕುದುರೆ ಕಾಲುಗಳ ಮಧ್ಯೆ ಸುಮ್ನೆ ಗಾಳಿ ಇರುತ್ತದೆ. ಹೊರಗಿನಿಂದ ಒತ್ತಡ, ಒಳಗೆ ಖಾಲಿ. ಮಣ್ಣು ಬಾಗುವ ವಸ್ತು ಅಲ್ಲ. ಮೊದಲ ಕುಲುಕಿಗೇ ಟಕ್ ಅಂತ ಹೋಗುತ್ತದೆ.

ಹಾಗಾಗಿ ಮೊದಲು ಸುತ್ತಬೇಡಿ, ತುಂಬಿ. ನಮ್ಮಲ್ಲಿ ವೀಣೆ ಹಿಡಿದ ಸರಸ್ವತಿಯನ್ನು ಕಟ್ಟುವ ಕ್ರಮ ಹೇಳುತ್ತೇನೆ, ಇದೊಂದು ಬಂದರೆ ಮಿಕ್ಕ ಬೊಂಬೆಗಳು ಸುಲಭ.

ಬೊಂಬೆಯನ್ನು ಮೇಜಿನ ಮೇಲೆ ದಪ್ಪ ಟವೆಲ್ ಹಾಸಿ ಅಂಗಾತ ಮಲಗಿಸುತ್ತೇವೆ. ತೆಳು ಟಿಶ್ಯೂ ಪೇಪರನ್ನು ಹರಿದು, ಹೂಬತ್ತಿ ಹೊಸೆದ ಹಾಗೆ ಸಡಿಲವಾಗಿ ಹೊಸೆದು, ವೀಣೆಗೂ ಎದೆಗೂ ನಡುವಿನ ಸಂದಿಗೆ ತುರುಕುತ್ತೇವೆ. ಬೆರಳಿನಿಂದ ಜೋರಾಗಿ ಒತ್ತುವ ಹಾಗಿಲ್ಲ, ಕಾಗದ ತಾನೇ ನಿಂತುಕೊಳ್ಳುವಷ್ಟು ಸಾಕು. ಆಮೇಲೆ ಎರಡೂ ಕಂಕುಳು, ಕುತ್ತಿಗೆಯ ಸುತ್ತ, ಕಿರೀಟದ ಹಿಂದೆ. ಎಲ್ಲ ಸಂದಿ ತುಂಬಿದ ಮೇಲೆ ನೋಡಿದರೆ ಸರಸ್ವತಿ ಕಾಣುವುದಿಲ್ಲ, ಒಂದು ಬಿಳಿ ಸೋರೆಕಾಯಿ ಕಾಣುತ್ತದೆ. ಅದೇ ಬೇಕಾಗಿರುವುದು. ಚಾಚಿಕೊಂಡ ಭಾಗ ಒಂದೂ ಉಳಿಯಬಾರದು, ನಿಮ್ಮ ರಾಮನೂ ಕೂರ್ಮನ ಹಾಗೆ ಆಗಬೇಕು. ಅದರ ಮೇಲೆ ಒಂದು ಸುತ್ತು ಬಟರ್ ಪೇಪರ್, ಅದರ ಮೇಲೆ ಸಣ್ಣ ಗುಳ್ಳೆಯ ಬಬಲ್ ರ‍್ಯಾಪ್ ಎರಡು ಸುತ್ತು, ಗುಳ್ಳೆ ಒಳಮುಖವಾಗಿ. ಟೇಪು ಬಬಲ್ ರ‍್ಯಾಪಿಗೆ ಮಾತ್ರ, ಅದೂ ಒಂದೇ ತುಂಡು. ತುದಿಯನ್ನು ಸ್ವಲ್ಪ ಮಡಿಸಿ ಬಿಡಿ, ಬಿಚ್ಚುವವರು ಎಳೆಯಲಿಕ್ಕೆ. ಎಷ್ಟೋ ಬೊಂಬೆ ಅಷ್ಟು ದೂರ ಕ್ಷೇಮವಾಗಿ ಹೋಗಿ, ಬಿಚ್ಚುವಾಗ ಕತ್ತರಿ ತಾಗಿ ಮುರಿದಿವೆ.

ಬಟರ್ ಪೇಪರ್ ಯಾಕೆ ಅಂತೀರಾ? ಬಣ್ಣಕ್ಕೆ. ಮುಟ್ಟಿದರೆ ಒಣಗಿದೆ ಅನ್ನಿಸಿದರೂ ಎನಾಮೆಲ್, ವಾರ್ನಿಶ್ ಒಳಗೆ ಹಸಿಯಾಗಿರುತ್ತವೆ. ಬಬಲ್ ರ‍್ಯಾಪ್ ನೇರವಾಗಿ ತಾಗಿದರೆ ದೇವಿಯ ಮುಖದ ಮೇಲೆ ಗುಂಡು ಗುಂಡು ಗುರುತು ಬೀಳುತ್ತದೆ, ಸಿಡುಬು ಎದ್ದಿದೆಯೇನೋ ಅನ್ನುವ ಹಾಗೆ. ದಿನಪತ್ರಿಕೆಯನ್ನೂ ಬಣ್ಣಕ್ಕೆ ತಾಗಿಸಬೇಡಿ, ಅದರ ಮಸಿ ತಿಳಿ ಬಣ್ಣಕ್ಕೆ ಹತ್ತುತ್ತದೆ. ಆರ್ಡರ್ ಬಂತು ಅಂತ ಬಣ್ಣ ಹಚ್ಚಿದ ಮಾರನೆಯ ದಿನವೇ ಕಟ್ಟುವುದು ಬೇಡ. ಒಂದು ವಾರ ಗಾಳಿಯಲ್ಲಿ ಬಿಡಿ. ಗಿರಾಕಿಗೆ ಮೊದಲೇ ಹೇಳಿದರೆ ಕಾಯುತ್ತಾರೆ.

ಇನ್ನು ಡಬ್ಬ. ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಪಾರ್ಸೆಲ್ ಬೀಳುವುದೇನೂ ಅಪರೂಪ ಅಲ್ಲ. ಕೈ ಜಾರುತ್ತದೆ, ಬೆಲ್ಟಿನಿಂದ ಉರುಳುತ್ತದೆ. ಸೊಂಟದ ಎತ್ತರ ಅಂದರೆ ಸುಮಾರು 75 ಸೆಂಟಿಮೀಟರ್. ಅಷ್ಟು ಎತ್ತರದಿಂದ ಬಿದ್ದ ಬೊಂಬೆ ಎಷ್ಟು ದೂರದಲ್ಲಿ ನಿಲ್ಲುತ್ತದೆ ಅನ್ನುವುದೇ ಮುಖ್ಯ. ಡಬ್ಬದ ಗೋಡೆಗೆ ತಾಗಿಕೊಂಡೇ ಇದ್ದರೆ ಒಂದು ಮಿಲಿಮೀಟರಿನಲ್ಲಿ ನಿಂತುಬಿಡುತ್ತದೆ. ಆಗ ಅದರ ಮೇಲೆ ಬೀಳುವ ಬಲ ಅದರ ತೂಕದ 750 ಪಟ್ಟು. ಅರ್ಧ ಕೆ.ಜಿ. ಬೊಂಬೆಯ ಮೇಲೆ 375 ಕೆ.ಜಿ. ಹೇರಿದ ಹಾಗೆ. ಅದೇ ಬೊಂಬೆ ಮೂರು ಸೆಂಟಿಮೀಟರ್ ಮೆತ್ತೆಯಲ್ಲಿ ನಿಧಾನವಾಗಿ ಇಳಿದು ನಿಂತರೆ 25 ಪಟ್ಟು, ಅಂದರೆ ಹನ್ನೆರಡೂವರೆ ಕೆ.ಜಿ. ಲೆಕ್ಕ ಒರಟು, ಆದರೆ ವಿಷಯ ಇಷ್ಟೇ. ಬೊಂಬೆಗೂ ಗೋಡೆಗೂ ನಡುವೆ ಆರೂ ಕಡೆ ಎರಡು ಇಂಚು ಮೆತ್ತೆ ಇರಬೇಕು. ಎರಡು ಬೊಂಬೆಗಳ ನಡುವೆಯೂ ರಟ್ಟಿನ ಅಡ್ಡಗೋಡೆ ಬೇಕು. ಒಂದು ಬೊಂಬೆಗೆ ಇನ್ನೊಂದು ಬೊಂಬೆಯೇ ಕಲ್ಲು.

ಈ ಮೆತ್ತೆಗೆ ಏನು ತುಂಬಬೇಕು ಅನ್ನುವುದರಲ್ಲಿ ಒಬ್ಬೊಬ್ಬರದು ಒಂದೊಂದು ಹಟ. ಥರ್ಮಾಕೋಲ್ ಕಾಳು ನನಗೆ ಆಗುವುದಿಲ್ಲ. ಲಾರಿ ಕುಲುಕಿದಂತೆ ಕಾಳು ಮೇಲೆ ಬರುತ್ತದೆ, ಭಾರದ ಬೊಂಬೆ ಕೆಳಗೆ ಇಳಿಯುತ್ತದೆ. ಮೊರದಲ್ಲಿ ಅಕ್ಕಿ ಕೇರುವಾಗ ಹೊಟ್ಟು ಒಂದು ಕಡೆ, ಅಕ್ಕಿ ಒಂದು ಕಡೆ ಆಗುವುದಿಲ್ಲವಾ, ಹಾಗೆ. ನೀವು ತಳದಲ್ಲಿ ಎರಡು ಇಂಚು ಹಾಕಿದ್ದರೂ ಪುಣೆ ತಲುಪುವ ಹೊತ್ತಿಗೆ ಬೊಂಬೆ ನೆಲ ಮುಟ್ಟಿರುತ್ತದೆ. ಹಳೆ ಪೇಪರನ್ನು ಗಟ್ಟಿಯಾಗಿ ಉಂಡೆ ಮಾಡಿ ತುರುಕುವುದು ಅದಕ್ಕಿಂತ ಎಷ್ಟೋ ವಾಸಿ. ಆದರೆ ಪೇಪರ್ ಉಂಡೆ ದಾರಿಯಲ್ಲಿ ಕುಗ್ಗುತ್ತದೆ. ಅದಕ್ಕೇ ಮುಚ್ಚಳ ಸ್ವಲ್ಪ ಉಬ್ಬಿ ನಿಲ್ಲುವಷ್ಟು ತುಂಬಿ, ಒತ್ತಿ ಮುಚ್ಚಬೇಕು.

ನಿಮ್ಮದು ಮಂಡ್ಯ, ಭತ್ತದ ಹುಲ್ಲಿಗೆ ಬರವಿಲ್ಲ. ನಮ್ಮ ತಂದೆಯ ಕಾಲದಲ್ಲಿ ಬೊಂಬೆ, ಮಡಕೆ ಎಲ್ಲ ಹುಲ್ಲಿನಲ್ಲೇ ಊರಿಂದ ಊರಿಗೆ ಹೋಗುತ್ತಿದ್ದವು. ಪಾರ್ಸೆಲ್ಲಿನ ಮೇಲೆ ಬಟ್ಟೆ ಹೊಲಿದು ಅರಗಿನ ಮುದ್ರೆ ಒತ್ತುತ್ತಿದ್ದರು. ಅರಗು ಕಾಯಿಸುವ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ಚೆನ್ನಾಗಿ ಒಣಗಿದ ಹುಲ್ಲು ಇವತ್ತಿಗೂ ಒಳ್ಳೆಯ ಮೆತ್ತೆ, ಬಣ್ಣ ಇಲ್ಲದ ಹಣತೆಗಳಿಗೆ ಧಾರಾಳವಾಗಿ ಬಳಸಿ. ಬಣ್ಣದ ಬೊಂಬೆಗೆ ಬೇಡ, ಗೀರುತ್ತದೆ. ಸ್ವಲ್ಪ ತೇವ ಇದ್ದರೂ ಬೂಷ್ಟು ಬರುತ್ತದೆ, ಹುಳ ಬಂದರಂತೂ ಗಿರಾಕಿ ಮತ್ತೆ ನಿಮ್ಮ ಕಡೆ ತಿರುಗಿ ನೋಡುವುದಿಲ್ಲ. ಹೊರದೇಶಕ್ಕಂತೂ ಹುಲ್ಲು ಹಾಕಲೇಬೇಡಿ, ಗಡಿಯಲ್ಲೇ ತಡೆಯುತ್ತಾರೆ.

ರಟ್ಟಿನ ಡಬ್ಬ ಹೊಸದೇ ಆಗಬೇಕು. ದಿನಸಿ ಅಂಗಡಿಯಲ್ಲಿ ಬಿಸ್ಕತ್ತು, ಸೋಪಿನ ಖಾಲಿ ಡಬ್ಬ ಪುಕ್ಕಟೆ ಸಿಗುತ್ತದೆ, ಗೊತ್ತು. ಅದನ್ನು ಒಳಡಬ್ಬ ಮಾಡಿಕೊಳ್ಳಿ. ಒಂದು ಸಲ ತೂಕ ಹೊತ್ತು ಬಂದ ರಟ್ಟಿನ ಮೂಲೆಗಳಲ್ಲಿ ಜೀವ ಇರುವುದಿಲ್ಲ. ಹೊರಡಬ್ಬ ಐದು ಪ್ಲೈ ತನ್ನಿ. ಮೂರು ಪ್ಲೈ ಅಂದರೆ ಎರಡು ನೆಟ್ಟಗಿನ ಕಾಗದದ ನಡುವೆ ಒಂದು ಅಲೆ ಕಾಗದ, ಐದು ಪ್ಲೈಯಲ್ಲಿ ಅಂಥ ಅಲೆ ಎರಡು. ಡಬ್ಬ ನಿಲ್ಲಿಸಿದಾಗ ಈ ಅಲೆಗಳು ಕಂಬದ ಹಾಗೆ ಮೇಲಿಂದ ಕೆಳಗೆ ನಿಂತಿರಬೇಕು. ಅಡ್ಡಡ್ಡ ಮಲಗಿದ್ದರೆ ಮೇಲೆ ಬೇರೆ ಪಾರ್ಸೆಲ್ ಹೇರಿದಾಗ ಕುಸಿಯುತ್ತದೆ. ದೊಡ್ಡ ಡಬ್ಬ ಕತ್ತರಿಸಿ ಸಣ್ಣದು ಮಾಡಿಕೊಳ್ಳುವವರು ಎಡವುವುದು ಇಲ್ಲೇ. ಟೇಪು ಎರಡು ಇಂಚಿನದು, ನಡುವಿನ ಗೀಟಿನ ಮೇಲೆ ಒಂದು, ಎರಡು ಬದಿಯ ಅಂಚಿಗೆ ಒಂದೊಂದು, ಮೇಲೂ ಹಾಗೆ, ಕೆಳಗೂ ಹಾಗೆ. ಹುರಿ ಕಟ್ಟಬೇಡಿ, ಯಂತ್ರಕ್ಕೆ ಸಿಕ್ಕಿಕೊಳ್ಳುತ್ತದೆ. ಎತ್ತುವವರೂ ಅದನ್ನೇ ಹಿಡಿಕೆ ಮಾಡಿಕೊಂಡು ಬೀಸುತ್ತಾರೆ.

ನಮ್ಮ ಕಡೆ ದಸರಾ ಅಂದರೆ ಮಳೆಯೂ ಹೌದು. ನೆನೆದ ರಟ್ಟು ನೆನೆದ ಹಪ್ಪಳ. ಒಳಗಿನ ಡಬ್ಬಕ್ಕೆ ಒಂದು ದಪ್ಪ ಪಾಲಿಥಿನ್ ಚೀಲ ಹಾಕಿ ಮುಚ್ಚಿ, ಅದನ್ನು ಹೊರಡಬ್ಬದಲ್ಲಿ ಕೂರಿಸಿ. ಬೊಂಬೆ ಸುಟ್ಟ ಮಣ್ಣಿನದಲ್ಲದೆ ಹಸಿ ಮಣ್ಣಿನದಾದರೆ ಇದನ್ನು ತಪ್ಪಿಸುವ ಹಾಗೇ ಇಲ್ಲ, ನೀರು ಇಳಿದರೆ ಅದು ಮತ್ತೆ ಕೆಸರೇ. ವಿಳಾಸದ ಮೇಲೂ ಪಾರದರ್ಶಕ ಟೇಪು ಎಳೆಯಿರಿ. ಇನ್ನೊಂದು ಚೀಟಿಯಲ್ಲಿ ಇಬ್ಬರ ವಿಳಾಸ, ಫೋನ್ ನಂಬರ್ ಬರೆದು ಡಬ್ಬದ ಒಳಗೂ ಹಾಕಿ. ಹೊರಗಿನ ಚೀಟಿ ಕಿತ್ತುಹೋದ ಪಾರ್ಸೆಲ್ ಅನಾಥ. ಪಿನ್ ಕೋಡ್ ದೊಡ್ಡದಾಗಿ, ಬಿಡಿ ಬಿಡಿಯಾಗಿ ಬರೆಯಿರಿ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಈ ಆರು ಅಂಕಿಯಲ್ಲಿ ಮೊದಲ ಮೂರೇ ಪಾರ್ಸೆಲ್ ಯಾವ ಜಿಲ್ಲೆಯ ಕಡೆ ಹೋಗಬೇಕು ಅಂತ ತೀರ್ಮಾನ ಮಾಡುತ್ತವೆ. ಅಲ್ಲಿ ಒಂದು ಅಂಕಿ ತಪ್ಪಿದರೆ ನಿಮ್ಮ ಬೊಂಬೆ ಎರಡು ಪಟ್ಟು ದಾರಿ ಸವೆಸುತ್ತದೆ, ಎರಡು ಪಟ್ಟು ಪೆಟ್ಟು ತಿನ್ನುತ್ತದೆ.

ಎಲ್ಲ ಮುಗಿದ ಮೇಲೆ ಡಬ್ಬವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಏನಾದರೂ ಸದ್ದು ಬಂತೋ, ಬಿಚ್ಚಿ. ಸೋಮಾರಿತನ ಮಾಡಬೇಡಿ. ಹೊಸ ಮಾದರಿಯ ಬೊಂಬೆಯಾದರೆ ನಾವು ಇನ್ನೊಂದು ಪರೀಕ್ಷೆ ಮಾಡುತ್ತೇವೆ. ಬಣ್ಣ ಸರಿಬಾರದ ಒಂದು ಬೊಂಬೆಯನ್ನು ಇದೇ ರೀತಿ ಕಟ್ಟಿ, ಸೊಂಟದ ಎತ್ತರದಿಂದ ಸಿಮೆಂಟ್ ನೆಲಕ್ಕೆ ಬಿಡುತ್ತೇವೆ. ಒಮ್ಮೆ ಮೂಲೆಯ ಮೇಲೆ, ಒಮ್ಮೆ ಅಂಚಿನ ಮೇಲೆ, ಆಮೇಲೆ ಆರೂ ಮುಖದ ಮೇಲೆ. ಮೊದಲ ಸಲ ಮಾಡುವಾಗ ನನ್ನ ಹೆಂಡತಿ ಒಳಗೆ ಎದ್ದು ಹೋದಳು, ನೋಡಲಾರೆ ಅಂತ. ಈಗ ಅವಳೇ ಬಿಡುತ್ತಾಳೆ.

‘ಒಡೆಯುವ ವಸ್ತು’ ಸ್ಟಿಕ್ಕರ್ ಬಗ್ಗೆ ಹೇಳಿಬಿಡುತ್ತೇನೆ. ಅಂಟಿಸಿ, ಅಡ್ಡಿಯಿಲ್ಲ. ಆದರೆ ವಿಂಗಡಿಸುವ ಬೆಲ್ಟಿಗೆ ಕನ್ನಡವೂ ಬರುವುದಿಲ್ಲ, ಇಂಗ್ಲಿಷೂ ಬರುವುದಿಲ್ಲ. ರಾತ್ರಿ ಎರಡು ಗಂಟೆಗೆ ಲಾರಿ ಇಳಿಸುವ ಹುಡುಗ ಎಷ್ಟು ಡಬ್ಬದ ಮೇಲೆ ಬರೆದದ್ದನ್ನು ಓದುತ್ತಾನೆ, ನೀವೇ ಹೇಳಿ. ಸ್ಟಿಕ್ಕರ್ ಇದೆಯಲ್ಲ ಅಂತ ಮೆತ್ತೆ ಕಡಿಮೆ ಮಾಡಿದರೆ ಕೆಟ್ಟಿರಿ.

ಯಾವ ಕೊರಿಯರ್ ಅಂತ ಕೇಳಿದ್ದೀರಿ. ಹೆಸರು ಹೇಳುವುದರಲ್ಲಿ ಅರ್ಥವಿಲ್ಲ, ಒಂದೇ ಕಂಪನಿ ಒಂದೂರಲ್ಲಿ ಚಿನ್ನ, ಇನ್ನೊಂದೂರಲ್ಲಿ ತಗಡು. ನಾನು ನೋಡುವುದು ಪಾರ್ಸೆಲ್ ಎಷ್ಟು ಕೈ ಬದಲಾಗುತ್ತದೆ ಅನ್ನುವುದನ್ನು. ಬೆಂಗಳೂರು, ಹಾಸನ, ಶಿವಮೊಗ್ಗದ ಕಡೆ ಆದರೆ ಕೆಎಸ್‌ಆರ್‌ಟಿಸಿಯ ‘ನಮ್ಮ ಕಾರ್ಗೋ’ ಪಾರ್ಸೆಲ್ ಸೇವೆಯಲ್ಲಿ ಬಸ್ಸಿಗೆ ಹಾಕಿ. ಗಿರಾಕಿಯೇ ಹೋಗಿ ಬಿಡಿಸಿಕೊಳ್ಳಬೇಕಾಗಬಹುದು, ಆದರೆ ಹತ್ತಿಸುವುದು ಇಳಿಸುವುದು ಕಡಿಮೆ. ದೂರದ ಊರಿಗೆ, ಅದರಲ್ಲೂ ಹಳ್ಳಿಗೆ, ಸ್ಪೀಡ್ ಪೋಸ್ಟ್. 2025ರ ಸೆಪ್ಟೆಂಬರ್ 1ರಿಂದ ರಿಜಿಸ್ಟರ್ಡ್ ಪೋಸ್ಟನ್ನೂ ಅದರಲ್ಲೇ ಸೇರಿಸಿದ್ದಾರೆ, ಹಾಗಾಗಿ ಎರಡರಲ್ಲಿ ಯಾವುದು ಅನ್ನುವ ಚಿಂತೆ ಇನ್ನಿಲ್ಲ.

ದುಡ್ಡಿನ ಲೆಕ್ಕದಲ್ಲಿ ಮೋಸ ಹೋಗಬೇಡಿ. ಡಬ್ಬದ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ಬರುವುದು ಗಾತ್ರದ ತೂಕ. ತಕ್ಕಡಿಯ ತೂಕ, ಗಾತ್ರದ ತೂಕ ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. ನಿಮ್ಮ ದಶಾವತಾರವನ್ನು ನಾನು ಹೇಳಿದ ಹಾಗೆ ಕಟ್ಟಿದರೆ ಡಬ್ಬ ಹೆಚ್ಚುಕಡಿಮೆ 55, 30, 25 ಸೆಂಟಿಮೀಟರ್ ಆಗುತ್ತದೆ. ತಕ್ಕಡಿಯಲ್ಲಿ 5 ಕೆ.ಜಿ. ಇದ್ದರೂ ಲೆಕ್ಕ ಬರುವುದು ಎಂಟೂಕಾಲು ಕೆ.ಜಿ.ಗೆ. ಇದನ್ನು ಮೊದಲೇ ಬೆಲೆಯಲ್ಲಿ ಸೇರಿಸಿ. ಆಮೇಲೆ ಕೈಯಿಂದ ಹೋಯಿತು ಅಂತ ಡಬ್ಬ ಸಣ್ಣದು ಮಾಡಲು ಹೋದರೆ ಮತ್ತೆ ರಾಮನ ಕೈಗೇ ಬರುತ್ತದೆ.

ಇನ್ಶೂರೆನ್ಸ್ ಬೆಲೆಬಾಳುವ ಸೆಟ್ಟಿಗೆ ಮಾಡಿಸಿ, ಐನೂರು ರೂಪಾಯಿ ಬೊಂಬೆಗೆ ಬೇಡ. ಯಾಕೆಂದರೆ ಸುಮ್ನೆ ಬುಕ್ ಮಾಡಿದ ಸ್ಪೀಡ್ ಪೋಸ್ಟಿಗೆ ಬಹುಕಾಲದಿಂದ ಇರುವ ಪರಿಹಾರದ ನಿಯಮ ಇದು: ಕಟ್ಟಿದ ಶುಲ್ಕದ ಎರಡರಷ್ಟು ಅಥವಾ 1,000 ರೂಪಾಯಿ, ಯಾವುದು ಕಡಿಮೆಯೋ ಅದು. ಇನ್ಶೂರ್ ಮಾಡಿಸಿದರೂ ಕಟ್ಟಿದ್ದೇ ಸರಿಯಿರಲಿಲ್ಲ ಅಂದುಬಿಟ್ಟರೆ ಕ್ಲೇಮ್ ನಿಲ್ಲುವುದಿಲ್ಲ. ಅದಕ್ಕೇ ಕಟ್ಟುವಾಗ ಮೂರು ಫೋಟೊ ತೆಗೆಯಿರಿ: ಬರೀ ಬೊಂಬೆ, ಒಳಡಬ್ಬ ತೆರೆದಿರುವಾಗ, ಕೊನೆಗೆ ಟೇಪು ಹಾಕಿದ ಡಬ್ಬ. ಬಿಚ್ಚುವಾಗ ವಿಡಿಯೊ ಮಾಡಿ ಅಂತ ಗಿರಾಕಿಗೂ ವಾಟ್ಸ್ಆ್ಯಪ್‌ನಲ್ಲಿ ಹೇಳಿ. ಅನುಮಾನ ಅಂತ ಅಲ್ಲ, ನಿಮ್ಮಿಬ್ಬರ ಕೈಯಲ್ಲೂ ಸಾಕ್ಷಿ ಇರಲಿ ಅಂತ.

ಚಿತ್ರಗಳ ವಿಷಯ ಚಿಕ್ಕದು. ಗಾಜು ಹಾಕಿ ಕಳಿಸಬೇಡಿ. ಮೈಸೂರು ಶೈಲಿಯಲ್ಲಿ ಗೆಸ್ಸೊ ಅನ್ನುವ ಅಂಟಿನ ಲೇಪವನ್ನು ಉಬ್ಬಿಸಿ ಅದರ ಮೇಲೆ ಚಿನ್ನದ ರೇಕು ಕೂರಿಸಿರುತ್ತಾರೆ, ಒಡೆದ ಗಾಜಿನ ಒಂದು ಚೂರು ತಿಂಗಳ ಕೆಲಸವನ್ನು ಗೀರಿ ಹಾಕುತ್ತದೆ. ಗಾಜಿನ ಬದಲು ಅಕ್ರಿಲಿಕ್ ಶೀಟ್ ಹಾಕಿಸಿ, ಇಲ್ಲವೇ ಫ್ರೇಮ್ ಇಲ್ಲದೆ ಕಳಿಸಿ, ಅವರೂರಲ್ಲೇ ಹಾಕಿಸಿಕೊಳ್ಳಲಿ. ಗಾಜೇ ಬೇಕು ಅಂತ ಹಟ ಹಿಡಿದರೆ ಗಾಜಿನ ಮೇಲೆ ಮಾಸ್ಕಿಂಗ್ ಟೇಪನ್ನು ಅಡ್ಡಡ್ಡ, ಉದ್ದುದ್ದ ಅಂಟಿಸಿ. ಗಾಜು ಒಡೆಯುವುದನ್ನು ಅದು ತಡೆಯುವುದಿಲ್ಲ, ಒಡೆದ ಚೂರನ್ನು ಇದ್ದ ಜಾಗದಲ್ಲಿ ಹಿಡಿದಿಡುತ್ತದೆ ಅಷ್ಟೇ. ನಾಲ್ಕು ಮೂಲೆಗೆ ರಟ್ಟು ಮಡಿಸಿ ಟೋಪಿ ಮಾಡಿ ಹಾಕಿ, ಹಿಂದೆ ಮುಂದೆ ಪ್ಲೈವುಡ್ ಹಲಗೆ ಕೊಟ್ಟು ಕಟ್ಟಿ. ಇನ್ನೊಂದು ಮಾತು, ಜಾಗ ಉಳಿಯುತ್ತದೆ ಅಂತ ಚಿತ್ರವನ್ನು ಸುರುಳಿ ಸುತ್ತಿ ಕೊಳವೆಗೆ ಹಾಕಬೇಡಿ. ಗೆಸ್ಸೊ ಬಾಗುವುದಿಲ್ಲ, ಬಿರಿಯುತ್ತದೆ.

ಪುಣೆಯವರಿಗೆ ಏನು ಮಾಡಬೇಕು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹತ್ತನ್ನೂ ವಾಪಸ್ ತರಿಸಬೇಡಿ, ಉಳಿದ ಏಳು ಬರುವಾಗ ಮುರಿಯುತ್ತವೆ. ವಾಮನ, ರಾಮ, ಕಲ್ಕಿ ಮೂರನ್ನೇ ಹೊಸದಾಗಿ ಮಾಡಿ, ನಿಮ್ಮ ಖರ್ಚಿನಲ್ಲೇ ಕಳಿಸಿ. ಈ ಸಲ ಕಲ್ಕಿಯ ಕುದುರೆಯ ನಾಲ್ಕು ಕಾಲುಗಳ ನಡುವೆ ಮಣ್ಣಿನಲ್ಲೇ ಒಂದು ಸಣ್ಣ ಹುಲ್ಲಿನ ಗುಡ್ಡೆ ಮಾಡಿ, ಹೊಟ್ಟೆಗೆ ಆಧಾರ ಕೊಡಿ, ಹಸಿರು ಬಣ್ಣ ಹಚ್ಚಿದರೆ ಅಂದವೂ ಬರುತ್ತದೆ. ವಾಮನನ ಕೊಡೆಯನ್ನು ಬಿದಿರುಕಡ್ಡಿಯಲ್ಲಿ ಬೇರೆಯಾಗಿ ಮಾಡಿ, ಕೈಯಲ್ಲಿ ತೂತು ಬಿಡಿ, ತಲುಪಿದ ಮೇಲೆ ಅವರೇ ಸಿಕ್ಕಿಸಿಕೊಳ್ಳುತ್ತಾರೆ. ನಮ್ಮ ಜಂಬೂಸವಾರಿ ಸೆಟ್ಟಿನಲ್ಲಿ ಅಂಬಾರಿ, ಆನೆ ಬೇರೆ ಬೇರೆ ಬರುವುದು ಇದೇ ಕಾರಣಕ್ಕೆ. ದಸರಾ ಬೊಂಬೆಗಳನ್ನು ಯಾವಾಗಲೂ ಮಹಾಲಯ ಅಮಾವಾಸ್ಯೆಗೆ ಹದಿನೈದು ದಿನ ಮುಂಚೆಯೇ ಅಂಚೆಗೆ ಹಾಕಿಬಿಡಿ. ಆಮೇಲೆ ಎಲ್ಲರದೂ ಒಟ್ಟಿಗೆ ಹೊರಡುತ್ತದೆ, ನೂಕುನುಗ್ಗಲು.